ಅಥಣಿಯ ಚಪ್ಪಲಿ, ಕೊಲ್ಹಾಪುರದ ಹೆಸರು

ಬೆಳಗಾವಿಯಿಂದ ನೂರು ಕಿಲೋಮೀಟರಿಗೂ ಆಚೆ, ಮಹಾರಾಷ್ಟ್ರದ ಗಡಿಯ ಬಳಿ ಇರುವ ಪಟ್ಟಣ ಅಥಣಿ. ಮುರುಘೇಂದ್ರ ಶಿವಯೋಗಿಗಳ (1836–1921) ಗಚ್ಚಿನಮಠದ ಊರೆಂದು ನಾಡಿಗೆ ಪರಿಚಿತ. ಇಲ್ಲಿನ ಚಪ್ಪಲಿ ಮಾತ್ರ ಬೇರೆ ಊರಿನ ಹೆಸರಿನಲ್ಲಿ ಲೋಕ ಸುತ್ತುತ್ತದೆ. ಕೊಲ್ಹಾಪುರಿ ಎಂದು ಕೊಂಡು ಮೆಟ್ಟಿದ ಅನೇಕರ ಕಾಲಲ್ಲಿರುವುದು ಅಥಣಿ, ಮದಭಾವಿ, ನಿಪ್ಪಾಣಿಗಳ ಸಮಗಾರರ ಕೈಕೆಲಸ.

ಈ ಕಸುಬಿನಲ್ಲಿ ಅಪ್ಪಟ ರಸಾಯನಶಾಸ್ತ್ರವಿದೆ. ಹಸಿ ತೊಗಲಿನಲ್ಲಿರುವುದು ಕೊಲಾಜೆನ್ ಎಂಬ ಪ್ರೋಟೀನು. ಹಾಗೆಯೇ ಬಿಟ್ಟರೆ ಬ್ಯಾಕ್ಟೀರಿಯಗಳಿಂದ ಕೊಳೆಯುತ್ತದೆ. ಸಾಂಪ್ರದಾಯಿಕ ವಿಧಾನದಲ್ಲಿ ತೊಗಲನ್ನು ಮೊದಲು ಸುಣ್ಣದ ನೀರಿನಲ್ಲಿಟ್ಟು ಕೂದಲು ತೆಗೆದು, ಬಳಿಕ ಜಾಲಿ ತೊಗಟೆ, ಅಳಲೆಕಾಯಿಗಳ ರಸದಲ್ಲಿ ವಾರಗಟ್ಟಲೆ ಹದಮಾಡುತ್ತಾರೆ. ಅವುಗಳಲ್ಲಿನ ಟ್ಯಾನಿನ್ ಕೊಲಾಜೆನ್ ಎಳೆಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ಆಮೇಲೆ ಅದು ಬ್ಯಾಕ್ಟೀರಿಯಕ್ಕೆ ಸುಲಭವಾಗಿ ದಕ್ಕದು. ಎಳೆ ಬಾಳೆಕಾಯಿ ಕಚ್ಚಿದಾಗ ಬಾಯಿ ಒಗರಾಗುವುದೂ ಟ್ಯಾನಿನ್‌ನಿಂದಲೇ. ಕ್ರೋಮಿಯಂ ಲವಣ ಬಳಸಿದರೆ ಕೆಲಸ ಬೇಗ ಮುಗಿದೀತು. ಆದರೆ ಅದರ ಕೊಳೆನೀರು ಹಳ್ಳ, ಬಾವಿಗಳನ್ನು ಕೆಡಿಸಬಲ್ಲದು.

ಈ ಚಪ್ಪಲಿಗೆ ಮೊಳೆಯಿಲ್ಲ. ಹೊಲಿಗೆಗೂ ತೊಗಲಿನ ದಾರವೇ. ಗಂಡಸರು ಅಟ್ಟೆ ಕತ್ತರಿಸಿದರೆ ಹೆಂಗಸರು ನವಿರಾದ ಹೆಣಿಗೆ ಹಾಕುತ್ತಾರೆ.

2019ರಲ್ಲಿ ಜಿ.ಐ. ಎಂಬ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಸೇರಿದವು. ಹೆಸರು ಮಾತ್ರ ಕೊಲ್ಹಾಪುರಿಯೇ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಇಂಥದೇ ಚಪ್ಪಲಿ ಪ್ರದರ್ಶಿಸಿ, ಟೀಕೆ ಬಂದ ಮೇಲೆ ಅದರ ಭಾರತೀಯ ಮೂಲವನ್ನು ಒಪ್ಪಿಕೊಂಡಿತು.

ಪರದೇಶದವರು ಹೆಸರು ಹೇಳಲಿಲ್ಲವೆಂದು ಬೇಸರಪಡುವುದು ಸರಿಯೇ. ಆದರೆ ಉತ್ತರಪತ್ರಿಕೆಯಲ್ಲಿ ಟ್ಯಾನಿನ್ ಎಂದು ಬರೆದವನಿಗೆ ಅಂಕ, ಅದರ ಹದವನ್ನು ಮನೆಯಲ್ಲೇ ಕಲಿತವನಿಗೆ ಹೀಯಾಳಿಕೆ ಎಂದರೆ ಯಾವ ನ್ಯಾಯ? ಆ ಮನೆಯ ಮಕ್ಕಳು ನಾಚಿಕೊಂಡು ಕಸುಬು ಬಿಟ್ಟರೆ ಈ ವಿದ್ಯೆ ಉಳಿಯದು. ಪಾಲಕರು ಇದನ್ನು ತಮ್ಮ ಮಕ್ಕಳಿಗೆ ತಿಳಿಹೇಳಬೇಕು.