ಪ್ರತಿಭೆಗೆ ಶಾಲು ಹೊದಿಸಿದರೆ ಸಾಕೆ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ನಮ್ಮ ಜಿಲ್ಲೆಯಲ್ಲಿ ಪ್ರತಿಭಾ ಪುರಸ್ಕಾರಗಳ ಸುಗ್ಗಿ ಶುರುವಾಗುತ್ತದೆ. ಭಾನುವಾರ ಬಂದರೆ ತುಮಕೂರಿನ ಸಮುದಾಯ ಭವನಗಳಲ್ಲಿ ಒಂದಲ್ಲ ಒಂದು ಸಮಾರಂಭ. ಶೇಕಡ 90ಕ್ಕಿಂತ ಹೆಚ್ಚು ಅಂಕ ಪಡೆದವರಿಗೆ ಶಾಲು, ಹಾರ, ಫಲಕ, ಪೂಜ್ಯರ ಜೊತೆ ಒಂದು ಫೋಟೊ. ಅದೂ ಒಳಪಂಗಡಕ್ಕೊಂದು ಸಮಾರಂಭ. ಒಂದೇ ಇಷ್ಟಲಿಂಗ ಕಟ್ಟಿಕೊಂಡ ಮಕ್ಕಳನ್ನು ಬೇರೆ ಬೇರೆ ಭವನಗಳಲ್ಲಿ ಕೂರಿಸಿ ಸನ್ಮಾನಿಸುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಇರಲಿ, ಆ ಮಾತು ಇನ್ನೊಂದು ಸಂಚಿಕೆಗೆ.

ಈ ಸಲ ತುಮಕೂರು, ಗುಬ್ಬಿ, ಕುಣಿಗಲ್ ಭಾಗದ ಕೆಲವು ಶರಣಬಂಧುಗಳು ಸನ್ಮಾನದಾಚೆಗಿನ ಒಂದು ಸಲಹೆ ಮುಂದಿಟ್ಟಿದ್ದಾರೆ. ಐದರಿಂದ ಎಂಟನೇ ತರಗತಿಯವರೆಗಿನ, ಓದಿನಲ್ಲಿ ಮುಂದಿರುವ ಮಕ್ಕಳನ್ನು ಆರಿಸಿ, ಭಾನುವಾರಗಳಲ್ಲಿ ಮತ್ತು ಬೇಸಿಗೆ ರಜೆಯಲ್ಲಿ, ಮಠಗಳ ಆಶ್ರಯದಲ್ಲಿ ಗಣಿತ, ವಿಜ್ಞಾನ, ಭಾಷೆಗಳ ವಿಶೇಷ ತರಗತಿ ನಡೆಸಬೇಕು ಎಂಬುದು ಅದರ ತಿರುಳು. ವಿರೋಧವೂ ಬಂದಿದೆ. “ಮೇಲು ಕೀಳು ಬೇಡವೆಂದ ಬಸವಣ್ಣನವರ ಹೆಸರು ಹೇಳಿಕೊಂಡು ಜಾಣರಿಗೊಂದು ಪಂಕ್ತಿ, ದಡ್ಡರಿಗೊಂದು ಪಂಕ್ತಿ ಹಾಕಲು ಹೊರಟಿದ್ದೀರಾ?” ಎಂದು ಹಿರಿಯರೊಬ್ಬರು ಕೇಳಿದರು. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಹಾಗೆಂದು ಅದರೆದುರು ಕೈಕಟ್ಟಿ ಕೂರುವಂತೆಯೂ ಇಲ್ಲ.

ಗುಬ್ಬಿ ಕಡೆಯ ಒಂದು ತೋಟದಲ್ಲಿ ನಾವು ಕಂಡ ಹುಡುಗನೊಬ್ಬನ ನೆನಪಾಗುತ್ತದೆ. ಸರ್ಕಾರಿ ಶಾಲೆಯ ಆರನೇ ತರಗತಿ. ಅಪ್ಪ ಕೆಡವಿದ ತೆಂಗಿನಕಾಯಿಯ ರಾಶಿಗೆ ವ್ಯಾಪಾರಿ ತನ್ನ ಫೋನಿನಲ್ಲಿ ಲೆಕ್ಕ ಹಾಕುವಷ್ಟರಲ್ಲಿ ಈ ಹುಡುಗ ಮೊತ್ತ ಹೇಳಿ, ಅಪ್ಪನಿಗೆ ಎಷ್ಟು ಕಡಿಮೆ ಬರುತ್ತಿದೆ ಎಂಬುದನ್ನೂ ಹೇಳಿಬಿಟ್ಟ. ಶಾಲೆಯಲ್ಲಿ ಏನು ಮಾಡುತ್ತೀಯಪ್ಪಾ ಎಂದು ಕೇಳಿದರೆ, “ಲೆಕ್ಕದ ಪುಸ್ತಕ ಮುಗಿದೋಯ್ತು, ಸುಮ್ನೆ ಕೂತಿರ್ತೀನಿ” ಎಂದ. ಅವನ ಮೇಷ್ಟರನ್ನು ದೂರುವಂತಿಲ್ಲ. ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ನೋಡಿಕೊಳ್ಳುವವರಿಗೆ ಹಿಂದುಳಿದ ಮಕ್ಕಳನ್ನು ದಡ ಮುಟ್ಟಿಸುವುದೇ ದೊಡ್ಡ ಕೆಲಸ. ಇಂಥದೇ ಹುಡುಗ ತುಮಕೂರಿನ ಉಳ್ಳವರ ಮನೆಯಲ್ಲಿ ಹುಟ್ಟಿದ್ದರೆ ಅಬ್ಯಾಕಸ್ ಆಗಿರುತ್ತಿತ್ತು, ಒಲಿಂಪಿಯಾಡ್ ಆಗಿರುತ್ತಿತ್ತು, ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗಿ ಬರುವುದೂ ಆಗಿರುತ್ತಿತ್ತು. ಸಮಾನತೆಯ ಹೆಸರಿನಲ್ಲಿ ನಾವು ಈ ತರಗತಿ ಬೇಡವೆಂದರೆ ಉಳ್ಳವರ ಮಗುವಿಗೆ ಕೂದಲೂ ಕೊಂಕುವುದಿಲ್ಲ. ಸುಮ್ಮನೆ ಕೂರುವವನು ತೋಟದ ಹುಡುಗ ಮಾತ್ರ.

ಆದ್ದರಿಂದ ಬೇಕೋ ಬೇಡವೋ ಎಂಬುದಕ್ಕೆ ನಮ್ಮ ಉತ್ತರ: ಬೇಕು. ಯಾರನ್ನು ಆರಿಸುತ್ತೇವೆ, ಆರಿಸಿದ ಮೇಲೆ ಏನು ಕಲಿಸುತ್ತೇವೆ ಎಂಬ ಎರಡು ವಿಷಯಗಳಲ್ಲಿ ಎಡವಿದರೆ ಮಾತ್ರ ಬೇಡವೇ ಬೇಡ.

ಮೊದಲು ಆಯ್ಕೆಯ ಮಾತು. ಸೊನ್ನಲಿಗೆಯ ಸಿದ್ಧರಾಮನ ಬಾಲ್ಯವನ್ನು ರಾಘವಾಂಕ ಹೇಳಿದ್ದಾನೆ. ಮಾತಾಡದ, ಮಂಕಾದ ಮಗು. ದನ ಕಾಯಲು ಹೋದವನು. ಹತ್ತನೇ ವಯಸ್ಸಿನಲ್ಲಿ ಆ ಮಗುವಿಗೆ ಪ್ರಶ್ನೆಪತ್ರಿಕೆ ಕೊಟ್ಟಿದ್ದರೆ ಯಾವ ಸಮಿತಿ ಅವನನ್ನು ಆರಿಸುತ್ತಿತ್ತು? ಮುಂದೆ ಕೆರೆ ಕಟ್ಟಿಸಿ, ವಚನ ಬರೆದು, ಶೂನ್ಯಪೀಠದವರೆಗೆ ನಡೆದ ಶಿವಯೋಗಿ ಆ ಮಗುವಿನೊಳಗೇ ಇದ್ದ.

ಇದು ಪುರಾಣದ ಮಾತಾಯಿತು ಎನ್ನುವವರು ಅಮೆರಿಕದ ಕಡೆಗೂ ನೋಡಬಹುದು. 1921ರಲ್ಲಿ ಸ್ಟ್ಯಾನ್‌ಫೋರ್ಡ್‌ನ ಲೂಯಿಸ್ ಟರ್ಮನ್ ಬುದ್ಧಿಪರೀಕ್ಷೆ ನಡೆಸಿ ಅಸಾಧಾರಣ ಮಕ್ಕಳನ್ನು ಆರಿಸಲು ಹೊರಟರು. ಆ ಪರೀಕ್ಷೆಯಲ್ಲಿ ಆಯ್ಕೆಯಾಗದೆ ಹೊರಗುಳಿದ ಇಬ್ಬರು ಹುಡುಗರು, ವಿಲಿಯಂ ಶಾಕ್ಲಿ ಮತ್ತು ಲೂಯಿ ಆಲ್ವಾರೆಜ್, ಮುಂದೆ ಭೌತವಿಜ್ಞಾನದಲ್ಲಿ ನೊಬೆಲ್ ಪಡೆದರು. ಆಯ್ಕೆಯಾದವರಲ್ಲಿ ಒಬ್ಬರಿಗೂ ನೊಬೆಲ್ ಬರಲಿಲ್ಲ. ಇದಕ್ಕಿಂತ ನಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಫ್ಲಾರಿಡಾ ರಾಜ್ಯದ ಬ್ರೋವರ್ಡ್ ಕೌಂಟಿಯ ಅನುಭವ. ಅಲ್ಲಿ ಮೊದಲು ತಂದೆತಾಯಿ, ಶಿಕ್ಷಕರು ಸೂಚಿಸಿದ ಮಕ್ಕಳನ್ನಷ್ಟೇ ಪರೀಕ್ಷಿಸುತ್ತಿದ್ದರು. ಸುಮಾರು 2005ರಿಂದ ಎರಡನೇ ತರಗತಿಯ ಎಲ್ಲ ಮಕ್ಕಳನ್ನೂ ಪರೀಕ್ಷಿಸತೊಡಗಿದಾಗ, ಬಡವರ, ಕಪ್ಪು ಜನರ, ವಲಸಿಗರ ಮಕ್ಕಳು ಎದ್ದು ಕಾಣುವಷ್ಟು ಹೆಚ್ಚಿನ ಸಂಖ್ಯೆಯಲ್ಲಿ ಆಯ್ಕೆಯಾದರು. ಆ ಮಕ್ಕಳು ಮೊದಲೂ ಅಲ್ಲಿಯೇ ಇದ್ದರು. ಅವರ ಹೆಸರು ಹೇಳುವವರು ಇರಲಿಲ್ಲ, ಅಷ್ಟೆ.

ನಮ್ಮಲ್ಲಿ ಹೆಸರು ಹೇಳುವವರು ಯಾರು ಎಂದು ಎದೆ ಮುಟ್ಟಿಕೊಂಡು ನೋಡೋಣ. ಮಠಕ್ಕೆ ಬಂದು ಹೋಗುವ ಭಕ್ತರು, ಟ್ರಸ್ಟಿನ ಪದಾಧಿಕಾರಿಗಳು, ಪರಿಚಯದ ಮುಖ್ಯೋಪಾಧ್ಯಾಯರು. ಅವರ ಬಾಯಲ್ಲಿ ಬರುವುದು ಇಸ್ತ್ರಿ ಬಟ್ಟೆ ಹಾಕಿದ, ವೇದಿಕೆ ಹತ್ತಿ ಅಳುಕದೆ ಮಾತಾಡುವ ಮಕ್ಕಳ ಹೆಸರು. ಹಿಂದಿನ ಬೆಂಚಿನಲ್ಲಿ ಕೂತ ಕೂಲಿಯವರ ಮಗಳ ಹೆಸರು ಬರುವುದಿಲ್ಲ. ಹಾಗಾಗಿ ಶಿಫಾರಸಿನ ಪಟ್ಟಿ ಬೇಡ. ಆಯಾ ಹೋಬಳಿಯ ಶಾಲೆಗಳಿಗೆ ನಾವೇ ಹೋಗಿ, ಇಡೀ ತರಗತಿಗೆ ಒಂದು ದಿನ ಒಗಟು, ಲೆಕ್ಕ, ಪ್ರಯೋಗಗಳನ್ನು ಮಾಡಿಸಿ, ಯಾವ ಮಗುವಿನ ಕಣ್ಣು ಅರಳುತ್ತದೆ ಎಂದು ನೋಡಬೇಕು. ಅರ್ಜಿಯಲ್ಲಿ ಜಾತಿ, ಒಳಪಂಗಡದ ಕಾಲಂ ಇರಕೂಡದು. ಲಿಂಗಾಯತ ಮಕ್ಕಳಿಗೆ ಮಾತ್ರ ಎಂಬ ಮಾತೂ ಸಭೆಯಲ್ಲಿ ಕೇಳಿಬಂತು. ಸಿದ್ಧಗಂಗೆಯಲ್ಲಿ ಸುಮಾರು ಹತ್ತು ಸಾವಿರ ಮಕ್ಕಳು ಜಾತಿ ಮತದ ಹಂಗಿಲ್ಲದೆ ಉಂಡು ಓದುವುದನ್ನು ಕಂಡ ತುಮಕೂರಿನ ಜನ ಹೀಗೆ ಕೇಳಬಾರದಿತ್ತು.

ಇನ್ನು ಕಲಿಕೆಯ ಮಾತು. ನಮ್ಮ ಊರುಗಳಲ್ಲಿ ಜಾಣ ಮಗುವಿಗೆ ವಿಶೇಷ ಶಿಕ್ಷಣ ಎಂದರೆ ನವೋದಯ ಕೋಚಿಂಗ್ ಎಂದೇ ಅರ್ಥವಾಗಿಬಿಟ್ಟಿದೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ ಬಲ ಪಡೆದ ನವೋದಯ ವಿದ್ಯಾಲಯಗಳ ಉದ್ದೇಶ ದೊಡ್ಡದು: ಹಳ್ಳಿಯ ಪ್ರತಿಭೆಗೆ ಹಣದ ಅಡ್ಡಿಯಿಲ್ಲದೆ ಒಳ್ಳೆಯ ಶಿಕ್ಷಣ. ಸೀಟುಗಳಲ್ಲಿ ಕನಿಷ್ಠ ಶೇಕಡ 75 ಗ್ರಾಮೀಣ ಮಕ್ಕಳಿಗೆ. ಆದರೆ ಆರನೇ ತರಗತಿಗೆ ಒಂದು ಶಾಲೆಯಲ್ಲಿರುವುದು ಸಾಮಾನ್ಯವಾಗಿ 80 ಸೀಟು, ಒಂದು ಮಗು ಪರೀಕ್ಷೆ ಬರೆಯಬಹುದಾದದ್ದು ಒಂದೇ ಸಲ. ಆ ಎರಡು ಗಂಟೆಯ ಪರೀಕ್ಷೆಗಾಗಿ ನಾಲ್ಕನೇ ತರಗತಿಯ ಮಕ್ಕಳನ್ನು ವಸತಿ ಕೋಚಿಂಗಿಗೆ ಸೇರಿಸಿ, ಬೆಳಗಿನ ಐದಕ್ಕೆ ಎಬ್ಬಿಸಿ ಆಕೃತಿಗಳನ್ನು ಉರು ಹೊಡೆಸುತ್ತೇವೆ. ಸೀಟು ಸಿಗದ ಮಗು ಹತ್ತನೇ ವಯಸ್ಸಿಗೇ ತಾನು ಸೋತೆನೆಂದು ತಿಳಿದುಕೊಂಡು ಊರಿಗೆ ಮರಳುತ್ತದೆ. ಮಠಗಳು ಇಂಥದೊಂದು ಕೋಚಿಂಗ್ ಕೇಂದ್ರ ತೆರೆಯುವುದಾದರೆ ನಮ್ಮ ಪತ್ರಿಕೆ ಅದನ್ನು ವಿರೋಧಿಸುತ್ತದೆ. ಎಂಟನೇ ತರಗತಿಯ ಎನ್.ಎಂ.ಎಂ.ಎಸ್. ಪರೀಕ್ಷೆಯ ಮಾತು ಬೇರೆ. ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಬಡ ಮನೆಗೆ ಆಸರೆ; ಅದರ ಅರ್ಜಿ ತುಂಬಲು ನೆರವಾಗುವುದು ಒಳ್ಳೆಯ ಕೆಲಸವೇ.

ಮುಂದಿನ ತರಗತಿಯ ಪುಸ್ತಕವನ್ನು ಒಂದು ವರ್ಷ ಮೊದಲೇ ಮುಗಿಸುವುದೂ ವಿಶೇಷ ಶಿಕ್ಷಣವಲ್ಲ. ಊರ ಕೆರೆಯ ನೀರಿನ ಲೆಕ್ಕ ಹಾಕುವುದು, ಕಗ್ಗೆರೆ, ಎಡೆಯೂರಿಗೆ ಹೋಗಿ ಸಿದ್ಧಲಿಂಗ ಯತಿಗಳ ಕಾಲವನ್ನು ಅರಿಯುವುದು, ಒಂದು ಪ್ರಮೇಯವನ್ನು ಮೂರು ದಾರಿಯಲ್ಲಿ ಸಾಧಿಸುವುದು: ಮಗುವಿನ ಹಸಿವಿಗೆ ಬೇಕಾದ ಊಟ ಇದು.

ಇಂಥ ಹಸಿವನ್ನು ಗುರುತಿಸಿದವರೊಬ್ಬರು ಗುಬ್ಬಿಯಲ್ಲೇ ಇದ್ದರು. ದಕ್ಷಿಣ ಕನ್ನಡದಿಂದ ಮನೆ ಬಿಟ್ಟು ಓಡಿಬಂದ ಹುಡುಗನೊಬ್ಬ ವೀರಣ್ಣನವರ ನಾಟಕ ಕಂಪನಿ ಸೇರಿದ. ವೀರಣ್ಣನವರು ಅವನ ಕುಲ ಕೇಳಲಿಲ್ಲ, ಅಂಕಪಟ್ಟಿ ಕೇಳಲಿಲ್ಲ. ಕಂಪನಿಯಲ್ಲೇ ಉಳಿಸಿಕೊಂಡು ದುಡಿಸಿಕೊಳ್ಳಬಹುದಿತ್ತು. ಬದಲಿಗೆ ಬನಾರಸಿಗೆ ಎಂ.ಎ. ಓದಲು ಕಳಿಸಿದರು. ಆ ಹುಡುಗನೇ ಬಿ.ವಿ. ಕಾರಂತರು.

ಖರ್ಚಿನ ಪ್ರಶ್ನೆ ಎತ್ತಿದವರಿಗೆ ಆಯ್ದಕ್ಕಿ ಲಕ್ಕಮ್ಮನನ್ನು ನೆನಪಿಸುತ್ತೇವೆ. ಗಂಡ ಮಾರಯ್ಯ ಅಂದಿಗೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಮಿಕ್ಕಿದ್ದನ್ನು ಇದ್ದಲ್ಲಿಯೇ ಸುರಿದು ಬಾ ಎಂದ ತಾಯಿ ಆಕೆ. ಫ್ಲೆಕ್ಸು, ಫಲಕ, ಶಾಲುಗಳಿಗೆ ಸುರಿಯುವ ಹಣವನ್ನು ಒಂದೇ ಒಂದು ವರ್ಷ ಉಳಿಸಿ ಪುಸ್ತಕಕ್ಕೆ, ಬಸ್ ಚಾರ್ಜಿಗೆ, ಶಿಕ್ಷಕರ ಗೌರವಧನಕ್ಕೆ ಕೊಡೋಣ. ಮಕ್ಕಳಿಂದ ಶುಲ್ಕ ಬೇಡ, ದಾನಿಗಳ ಹೆಸರಿನ ಬೋರ್ಡೂ ಬೇಡ. ಭಾನುವಾರ ಕಲಿತ ಮಗು ಸೋಮವಾರ ತನ್ನ ಶಾಲೆಯ ಗೆಳೆಯರಿಗೆ ಅದನ್ನು ಹೇಳಿಕೊಡಬೇಕು. ಹಿರಿಯರು ಕೇಳಿದ ಪಂಕ್ತಿಭೇದದ ಪ್ರಶ್ನೆಗೆ ನಮಗೆ ತೋಚಿದ ಉತ್ತರ ಈ ಜ್ಞಾನದಾಸೋಹವೇ. ಗೆಳೆಯರಲ್ಲಿ ಯಾರಿಗಾದರೂ ಆಸೆ ಹುಟ್ಟಿದರೆ ಮುಂದಿನ ಭಾನುವಾರ ಅವರೂ ಬಂದು ಕೂರಲಿ.

ಒಂದು ವರ್ಷ ನಡೆಸಿ ನೋಡೋಣ. ವರ್ಷದ ಕೊನೆಗೆ ಎಷ್ಟು ಮಕ್ಕಳು ನಿಂತರು, ಅವರಲ್ಲಿ ಹೆಣ್ಣುಮಕ್ಕಳೆಷ್ಟು, ಸರ್ಕಾರಿ ಶಾಲೆಯವರೆಷ್ಟು ಎಂಬ ಲೆಕ್ಕವನ್ನು ಇದೇ ಪುಟದಲ್ಲಿ ಪ್ರಕಟಿಸುತ್ತೇವೆ. ಲೆಕ್ಕ ಸರಿಬಾರದಿದ್ದರೆ ನಿಲ್ಲಿಸಲು ನಾಚಿಕೆಪಡಬೇಕಿಲ್ಲ.

ಒಂದು ವಿಷಯದಲ್ಲಿ ಇನ್ನೂ ಒಮ್ಮತವಿಲ್ಲ. ಮೊದಲು ತುಮಕೂರಿನಲ್ಲಿ ಆರಂಭಿಸಿ, ಆಮೇಲೆ ಗುಬ್ಬಿ, ಕುಣಿಗಲ್‌ಗೆ ವಿಸ್ತರಿಸೋಣ ಎನ್ನುವುದು ಹಲವರ ಅಭಿಪ್ರಾಯ. ನಗರದಲ್ಲಿ ಶಿಕ್ಷಕರು ಸುಲಭವಾಗಿ ಸಿಗುತ್ತಾರೆ ಎಂಬುದು ನಿಜ. ಆದರೆ ಆಮೇಲೆ ಎಂದದ್ದು ಬಾರದೇ ಹೋದ ಉದಾಹರಣೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಮೊದಲ ತರಗತಿ ಕುಣಿಗಲ್‌ನಲ್ಲೇ ನಡೆಯಲಿ, ಶಿಕ್ಷಕರೇ ತುಮಕೂರಿನಿಂದ ಬಸ್ಸು ಹತ್ತಲಿ. ತಿಂಗಳಿಗೆ ಎರಡು ಭಾನುವಾರ ಕೊಡಬಲ್ಲ ಶಿಕ್ಷಕರು, ನಿವೃತ್ತರು, ಇಂಜಿನಿಯರುಗಳು ಪತ್ರಿಕೆಯ ವಿಳಾಸಕ್ಕೆ ಬರೆಯಬೇಕಾಗಿ ಕೋರುತ್ತೇವೆ.