ದರೋಡೆಕೋರನೆಂದು ನಾನೂ ಪಾಠ ಹೇಳಿದ್ದೆ



ಹರಿಹರದ ಹೊಳೆಯ ದಂಡೆಯಲ್ಲಿ ನಿಂತಾಗಲೆಲ್ಲ ನನಗೊಂದು ಅಳುಕು. ದಾವಣಗೆರೆಯ ತರಗತಿಗಳಲ್ಲಿ ಧೋಂಡಿಯಾ ವಾಘನನ್ನು ‘ದರೋಡೆಕೋರ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟವನು ನಾನು. 1815ರಲ್ಲಿ ವಾಟರ್ಲೂ ಕದನವನ್ನು ಗೆದ್ದ ವೆಲಿಂಗ್ಟನ್ನನನ್ನು ಮಾತ್ರ ಮಹಾಸೇನಾನಿಯೆಂದು ನಿಮ್ಮಿಂದ ಬರೆಸಿದೆ. ಅದೇ ವೆಲಿಂಗ್ಟನ್, ಆರ್ಥರ್ ವೆಲ್ಲೆಸ್ಲಿ ಎಂಬ ಕರ್ನಲ್ ಆಗಿದ್ದಾಗ, 1800ರ ಜೂನ್‌ನಲ್ಲಿ ಧೋಂಡಿಯನ ಬೆನ್ನಟ್ಟಿ ಇದೇ ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿದನೆಂಬುದನ್ನು ಹೇಳಲೇ ಇಲ್ಲ.

ಧೋಂಡಿಯನ ಊರು ಚನ್ನಗಿರಿ; ಇಂದು ನಮ್ಮದೇ ಜಿಲ್ಲೆ. ಹೈದರಾಲಿಯ ಸೈನ್ಯದಲ್ಲಿದ್ದವನು. 1794ರಲ್ಲಿ ಟಿಪ್ಪು ಅವನನ್ನು ಶ್ರೀರಂಗಪಟ್ಟಣದ ಸೆರೆಗೆ ತಳ್ಳಿದ. 1799ರ ಮೇ 4ರಂದು ಟಿಪ್ಪು ಮಡಿದು ಕೋಟೆ ಬಿದ್ದಾಗ ಹೊರಬಂದ ಧೋಂಡಿಯ, ದಿಕ್ಕೆಟ್ಟ ಮೈಸೂರು ಸೈನಿಕರನ್ನು ಕೂಡಿಸಿಕೊಂಡು ಬಿದನೂರು ಸೀಮೆಯ ಕೋಟೆಗಳನ್ನು ಹಿಡಿದ. ‘ಉಭಯ ಲೋಕಾಧೀಶ್ವರ’ನೆಂದು ತನ್ನನ್ನು ಕರೆದುಕೊಂಡ. 1800ರ ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್ಲಿನಲ್ಲಿ ವೆಲ್ಲೆಸ್ಲಿಯ ಕುದುರೆಪಡೆಗೆ ಎದುರಾಗಿ ಮಡಿದ.

ಬರಿಯ ದರೋಡೆಕೋರನಾಗಿದ್ದರೆ ಕಂಪನಿಯ ಸೇನೆಯೊಂದು ತಿಂಗಳುಗಟ್ಟಲೆ ಅವನ ಬೆನ್ನು ಹತ್ತಬೇಕಿತ್ತೇ? ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯ ಭಂಡಾರವನ್ನು ಕಂಪನಿಯ ಅಧಿಕಾರಿಗಳೂ ಸಿಪಾಯಿಗಳೂ ಹಂಚಿಕೊಂಡರು. ಅದಕ್ಕೆ ಅವರಿಟ್ಟ ಹೆಸರು ಗೆಲುವಿನ ಬಹುಮಾನ. ಧೋಂಡಿಯ ಕೊಳ್ಳೆ ಹೊಡೆದರೆ ಮಾತ್ರ ದರೋಡೆ! ಗೆದ್ದವನು ಕೊಟ್ಟ ಪದವನ್ನೇ ನಾವು ಮೇಷ್ಟರುಗಳು ಕಣ್ಣುಮುಚ್ಚಿ ಕರಿಹಲಗೆಯ ಮೇಲೆ ಬರೆದೆವು.

ಹಾಗೆಂದು ಅವನನ್ನು ಮೆರವಣಿಗೆಯಲ್ಲಿ ಕೂರಿಸಹೊರಟವರ ಮಾತನ್ನೂ ನಾನು ಒಪ್ಪಲಾರೆ. ಅವನು ಊರುಗಳನ್ನು ಸುಲಿದದ್ದು ಸುಳ್ಳಲ್ಲ. ಅವನು ಬಯಸಿದ್ದು ತನ್ನ ಗದ್ದುಗೆಯನ್ನು, ರೈತನ ಬಿಡುಗಡೆಯನ್ನಲ್ಲ. ಮತದ ಕನ್ನಡಕದಿಂದ ಆ ಕಾಲವನ್ನು ನೋಡುವವರಿಗೂ ಒಂದು ಪ್ರಶ್ನೆ: ಮರಾಠನಾಗಿ ಹುಟ್ಟಿ, ಟಿಪ್ಪುವಿನ ಸೆರೆಯಲ್ಲಿ ಮುಸಲ್ಮಾನನಾಗಿ, ಟಿಪ್ಪುವಿನ ಸೈನಿಕರನ್ನೇ ಕಟ್ಟಿಕೊಂಡು, ಪೇಶ್ವೆಯ ಕಡೆಯ ಸರದಾರ ಗೋಖಲೆಯನ್ನು ಕೊಂದವನನ್ನು ಯಾವ ಪಂಕ್ತಿಯಲ್ಲಿ ಕೂರಿಸುವಿರಿ?

ಇನ್ನು ವೆಲ್ಲೆಸ್ಲಿ. ಕದನದ ನಂತರ ಸಿಕ್ಕ ಧೋಂಡಿಯನ ಪುಟ್ಟ ಮಗ ಸಲಾಬತ್ ಖಾನನನ್ನು ಅವನು ತನ್ನ ಆಶ್ರಯದಲ್ಲಿ ಸಾಕಿದ. ಭಾರತವನ್ನು ಬಿಡುವಾಗ ಹುಡುಗನ ಪೋಷಣೆಗೆ ಹಣವನ್ನಿಟ್ಟುಹೋದ. ಇದರಿಂದ ಕಂಪನಿಯ ಆಕ್ರಮಣ ನ್ಯಾಯವಾಗುವುದಿಲ್ಲ. ಆದರೆ ಅವನನ್ನೂ ಒಂದೇ ಪದದಲ್ಲಿ ಮುಗಿಸಲಾಗದು.

ನಿಮ್ಮಲ್ಲಿ ಹಲವರು ಇಂದು ಶಿಕ್ಷಕರಾಗಿದ್ದೀರಿ. ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಮಕ್ಕಳನ್ನು ಹರಿಹರದ ಹೊಳೆಗೆ ಕರೆದೊಯ್ಯಿರಿ. ದಾಟಿದವನಾರು, ಯಾರನ್ನು ಅಟ್ಟಿಕೊಂಡು ದಾಟಿದ ಎಂಬುದನ್ನು ಹೇಳಿರಿ. ‘ವೀರ’, ‘ದರೋಡೆಕೋರ’ ಎಂಬ ಪದಗಳು ಬಂದಾಗ, ಇದನ್ನು ಬರೆದವರು ಯಾರು ಎಂದು ಕೇಳುವುದನ್ನು ಕಲಿಸಿರಿ. ನನ್ನ ತರಗತಿಯಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಕೇಳಲು ನಾನು ಕಲಿಸಿರಲಿಲ್ಲ.

ಇಂತು,
ನಿಮ್ಮ ಮೇಷ್ಟ್ರು