ಗುಡ್ಡ ಅಗೆಯುವ ಮುನ್ನ ಗಿಡವನ್ನು ಬಾಗಿಸಬೇಕು

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಮಕ್ಕಳನ್ನು ತಿದ್ದುವ ಹಿರಿಯರ ಮಾತಿನಲ್ಲಿ, ಶಾಲಾ ವಾರ್ಷಿಕೋತ್ಸವದ ಭಾಷಣಗಳಲ್ಲಿ ಅದು ವರ್ಷವರ್ಷವೂ ಕೇಳಿಬರುತ್ತದೆ. ಆದರೆ ಅದರ ನೇರ ಅರ್ಥ ಗಿಡಕ್ಕೇ ಸಂಬಂಧಿಸಿದ್ದು. ಎಳೆಯ ಕಾಂಡವನ್ನು ಮುರಿಯದೆ, ಕಡಿಯದೆ, ದಿನಕ್ಕಿಷ್ಟು ಎಂಬಂತೆ ಬಾಗಿಸಿ ಬೇಕಾದ ದಿಕ್ಕಿಗೆ ಒಗ್ಗಿಸಬಹುದೆಂಬ ಕೃಷಿಕನ ಅನುಭವ ಆ ಮಾತಿನೊಳಗೆ ಅಡಗಿದೆ. ಇಂದು ಗಾದೆ ಉಳಿದಿದೆ. ಗಾದೆಯೊಳಗಿನ ಕೃಷಿವಿದ್ಯೆ ಮಾತ್ರ ತೋಟಗಳಿಂದ ಮೆಲ್ಲನೆ ಮರೆಯಾಗುತ್ತಿದೆ. ಈ ಮರೆವಿನ ಬೆಲೆಯ ಒಂದು ಪಾಲನ್ನು ಘಟ್ಟದ ತಪ್ಪಲಿನ ಗುಡ್ಡಗಳು ತೆರುತ್ತಿವೆ ಎಂಬುದು ಚಿಂತಿಸಬೇಕಾದ ವಿಷಯ.

ಧರ್ಮಸ್ಥಳದ ಸುತ್ತಲಿನ ಊರುಗಳಲ್ಲಿ, ನೇತ್ರಾವತಿಯ ಎರಡೂ ದಡಗಳಲ್ಲಿ, ಉಜಿರೆಯಿಂದ ಮುಂಡಾಜೆ, ಚಾರ್ಮಾಡಿಗಳವರೆಗೆ ಯಾವುದಾದರೂ ಹಳೆಯ ಮನೆಯ ಹಿತ್ತಲಿಗೆ ಕಾಲಿಟ್ಟರೆ ಈ ವಿದ್ಯೆಯ ಕುರುಹುಗಳು ಇನ್ನೂ ಕಾಣಸಿಗುತ್ತವೆ. ಬಾವಿಕಟ್ಟೆಯ ಪಕ್ಕದಲ್ಲಿ ಬಸಳೆಯ ಚಪ್ಪರವಿರುತ್ತದೆ. ಬಸಳೆಯನ್ನು ನೆಟ್ಟಗೆ ಏರಲು ಬಿಟ್ಟರೆ ತುದಿಯೇ ಮುಂದುವರಿಯುತ್ತದೆ. ಚಪ್ಪರದ ಮೇಲೆ ಅಡ್ಡಲಾಗಿ ಹರಡಿದರೆ ಗಿಣ್ಣುಗಿಣ್ಣಿನಲ್ಲೂ ಹೊಸ ಕುಡಿ ಒಡೆಯುತ್ತದೆ. ಎಳೆಯ ಪಡುವಲಕಾಯಿಯ ತುದಿಗೆ ಸಣ್ಣ ಕಲ್ಲು ಕಟ್ಟಿ, ಕಾಯಿ ಸುರುಳಿ ಸುತ್ತದೆ ನೇರವಾಗಿ ಇಳಿಯುವಂತೆ ಮಾಡುವುದು ಇದೇ ವಿದ್ಯೆಯ ಇನ್ನೊಂದು ಮುಖ. ತೊಂಡೆಯ ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸುವಾಗ ಕೈಯಲ್ಲಿ ಕತ್ತಿ ಬೇಕಿಲ್ಲ. ಒಂದು ಎಳೆ ಬಾಳೆನಾರು ಮತ್ತು ಸ್ವಲ್ಪ ತಾಳ್ಮೆ ಸಾಕು. ಮನೆಯ ಹೆಂಗಸರು ಇದನ್ನು ಪಾಠವೆಂದು ಹೇಳಿಕೊಟ್ಟವರಲ್ಲ, ಮಾಡಿ ತೋರಿಸಿದವರು. ಹಾಗಾಗಿಯೇ ಇದಕ್ಕೆ ಪುಸ್ತಕದಲ್ಲಿ ಸಿಗಬೇಕಾದಷ್ಟು ಗೌರವ ಸಿಕ್ಕಿಲ್ಲ.

ಇದಕ್ಕೆ ವಿಜ್ಞಾನ ಕೊಡುವ ವಿವರಣೆ ಕಠಿಣವಾದುದಲ್ಲ. ಗಿಡದ ಚಿಗುರುತುದಿಯಲ್ಲಿ ಆಕ್ಸಿನ್ ಎಂಬ ಚೋದಕ ಉತ್ಪತ್ತಿಯಾಗಿ ಕಾಂಡದೊಳಗೆ ಕೆಳಮುಖವಾಗಿ ಹರಿಯುತ್ತದೆ. ಆ ಹರಿವು ಬಲವಾಗಿರುವವರೆಗೆ ಎಲೆಗಳ ಕಂಕುಳಿನಲ್ಲಿರುವ ಮೊಗ್ಗುಗಳು ಎಚ್ಚರಗೊಳ್ಳುವುದಿಲ್ಲ. ಎಳೆಯ ಸಸಿಯ ತುದಿಯಿಂದ ಯಾವುದೋ ಪ್ರಭಾವ ಕೆಳಗಿಳಿಯುತ್ತದೆಂಬುದನ್ನು ಚಾರ್ಲ್ಸ್ ಡಾರ್ವಿನ್ ತಮ್ಮ ಮಗ ಫ್ರಾನ್ಸಿಸ್‌ರೊಂದಿಗೆ 1880ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತಿಳಿಸಿದ್ದರು. 1920ರ ದಶಕದಲ್ಲಿ ಹಾಲೆಂಡಿನ ಫ್ರಿಟ್ಸ್ ವೆಂಟ್ ಆ ವಸ್ತುವಿನ ಇರವನ್ನು ಪ್ರಯೋಗದಿಂದ ತೋರಿಸಿದರು. ಅದೇ ವಸ್ತು ಪಕ್ಕದ ಮೊಗ್ಗುಗಳನ್ನು ತಡೆಹಿಡಿಯುತ್ತದೆಂಬುದನ್ನು 1930ರ ದಶಕದಲ್ಲಿ ಥೀಮನ್ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು ಕಂಡುಕೊಂಡರು. ತುದಿಯನ್ನು ಬಾಗಿಸಿ ಉಳಿದ ಭಾಗಕ್ಕಿಂತ ಕೆಳಗೆ ಕಟ್ಟಿದಾಗ ಅದರ ಯಜಮಾನಿಕೆ ಸಡಿಲಗೊಳ್ಳುತ್ತದೆ. ಮಲಗಿದ್ದ ಮೊಗ್ಗುಗಳು ಏಳುತ್ತವೆ, ಬೆಳಕು ಹೆಚ್ಚು ಎಲೆಗಳಿಗೆ ಹಂಚಿಹೋಗುತ್ತದೆ. ತುದಿಯನ್ನು ಕತ್ತರಿಸಿದರೂ ಮೊಗ್ಗುಗಳು ಏಳುತ್ತವೆ, ನಿಜ. ಆದರೆ ಕತ್ತರಿಸಿದಲ್ಲಿ ಗಾಯವಾಗುತ್ತದೆ, ಎಲೆ ನಷ್ಟವಾಗುತ್ತದೆ. ವರ್ಷಕ್ಕೆ 4,000 ಮಿಲಿಮೀಟರ್‌ಗೂ ಮೀರಿ ಮಳೆ ಸುರಿಯುವ ಈ ತಪ್ಪಲಿನಲ್ಲಿ ಗಿಡದ ಮೇಲಿನ ಪ್ರತಿಯೊಂದು ಹಸಿಗಾಯವೂ ರೋಗಕ್ಕೆ ತೆರೆದ ಬಾಗಿಲು.

ಈ ಮಾತಿಗೆ ಒಳ್ಳೆಮೆಣಸಿನ ಬಳ್ಳಿಗಿಂತ ಉತ್ತಮ ಉದಾಹರಣೆ ದೊರೆಯದು. ತುಳುವಿನಲ್ಲಿ ಎಡ್ಡೆ ಮುಂಚಿ ಎಂದೂ ಘಟ್ಟದ ಮೇಲೆ ಕಾಳುಮೆಣಸು ಎಂದೂ ಕರೆಯಲ್ಪಡುವ ಈ ಬಳ್ಳಿಯಲ್ಲಿ ಮೂರು ಬಗೆಯ ಕುಡಿಗಳಿವೆ. ಮೊದಲನೆಯದು ಗಿಣ್ಣುಗಳ ಅಂಟುಬೇರಿನಿಂದ ಮರವನ್ನು ಹಿಡಿದು ಮೇಲೇರುವ ಬಳ್ಳಿ. ಎರಡನೆಯದು ಆ ಏರುಬಳ್ಳಿಯ ಗಿಣ್ಣುಗಳಿಂದ ಅಡ್ಡಲಾಗಿ ಹೊರಟು ತೆನೆ ಬಿಡುವ ರೆಂಬೆ. ಮೂರನೆಯದು ಬುಡದಿಂದ ಹೊರಟು ನೆಲದ ಮೇಲೆ ಹರಿಯುವ ಹಬ್ಬುಬಳ್ಳಿ. ಅದು ಸಸಿ ಮಾಡಲು ಉಪಯುಕ್ತವೇ ಹೊರತು ತೆನೆ ಬಿಡುವುದಿಲ್ಲ. ನೆಟ್ಟು ಮರೆತ ಬಳ್ಳಿ ಒಂದೇ ಎಳೆಯಾಗಿ ಅಡಿಕೆ ಮರದ ತಲೆಯತ್ತ ಓಡುತ್ತದೆ. ಬುಡ ಬೋಳಾಗುತ್ತದೆ, ಫಸಲು ಏಣಿಗೂ ಎಟುಕದ ಎತ್ತರದಲ್ಲಿ ನಿಲ್ಲುತ್ತದೆ. ಕಟ್ಟದೆ ಬಿಟ್ಟ ತುದಿ ಮರದಿಂದ ಕಳಚಿ ಗಾಳಿಗೆ ತೂಗಾಡುತ್ತದೆ. ಇಂಥ ಬಳ್ಳಿಯನ್ನು ಕಂಡು ‘ಈ ಜಾಗಕ್ಕೆ ಮೆಣಸು ಆಗಿಬರುವುದಿಲ್ಲ’ ಎಂದು ತೀರ್ಮಾನಿಸುವವರಿದ್ದಾರೆ. ಆಗಿಬಾರದಿರುವುದು ಜಾಗವಲ್ಲ, ಅಲಕ್ಷ್ಯ.

ಅನುಭವಿ ಕೃಷಿಕರು ಅನುಸರಿಸುವ ಕ್ರಮ ಬೇರೆ. ಬಳ್ಳಿ ಆಳೆತ್ತರಕ್ಕೆ ಬಂದಾಗ, ಮಳೆಯ ಅಬ್ಬರ ಇಳಿದು ಮಣ್ಣಿನಲ್ಲಿ ಇನ್ನೂ ಹದವಿರುವ ದಿನಗಳನ್ನು ನೋಡಿ, ಅದನ್ನು ಮರದಿಂದ ಮೆಲ್ಲನೆ ಬಿಡಿಸಿ ಕೆಳಗಿಳಿಸುತ್ತಾರೆ. ಎಲೆ ಉದುರಿದ ಕೆಳಭಾಗವನ್ನು ಮರದ ಸುತ್ತ ಬಳೆಯಂತೆ ಬಾಗಿಸಿ ತೆಳುವಾಗಿ ಮಣ್ಣು, ತರಗೆಲೆ ಮುಚ್ಚುತ್ತಾರೆ. ಕುಡಿಯ ಭಾಗವನ್ನು ಪುನಃ ಮರಕ್ಕೆ ತಾಗಿಸಿ ಕಟ್ಟುತ್ತಾರೆ. ಮಣ್ಣಿನೊಳಗಿನ ಗಿಣ್ಣುಗಳು ಬೇರು ಬಿಡುತ್ತವೆ. ಒಂದು ಬಳ್ಳಿ ಇದ್ದಲ್ಲಿ ಹಲವು ಬಳ್ಳಿಗಳು ಬುಡದಿಂದಲೇ ಏಳುತ್ತವೆ. ದೂರದ ಇಂಡೋನೇಷ್ಯಾದ ಲಾಂಪುಂಗ್ ಪ್ರಾಂತದ ಮೆಣಸು ಬೆಳೆಗಾರರಲ್ಲಿಯೂ ಬಳ್ಳಿಯನ್ನು ಹೀಗೆ ಇಳಿಸುವ ರೂಢಿಯಿದೆ. ಮಳೆಗಾಲಕ್ಕೆ ಮುನ್ನ ನೆಲದಲ್ಲಿ ಹರಿದ ಹಬ್ಬುಬಳ್ಳಿಗಳನ್ನು ಎತ್ತಿ ಸುರುಳಿ ಸುತ್ತಿ ಮರಕ್ಕೆ ಕಟ್ಟುವುದು, ಬೇಡವಾದವನ್ನು ತೆಗೆಯುವುದು ಇದರ ಮುಂದಿನ ಹೆಜ್ಜೆ. ಸೊರಗು ರೋಗದ ರೋಗಾಣು ಮಣ್ಣಿನಿಂದ ಮಳೆಹನಿಯೊಂದಿಗೆ ಸಿಡಿದು ಮೊದಲು ತಗಲುವುದು ನೆಲಕ್ಕೆ ತಾಗಿದ ಎಳೆಯ ಕುಡಿಗಳಿಗೆ. ಹೀಗೆ ಬಳ್ಳಿ ಕಟ್ಟುವ ಕೆಲಸವೇ ರೋಗ ತಡೆಯುವ ಕೆಲಸವೂ ಆಗುತ್ತದೆ. ಕಟ್ಟಲು ಬಾಳೆನಾರು, ಅಡಿಕೆ ಹಾಳೆಯ ಸೀಳು ಶ್ರೇಷ್ಠ. ಅವು ಬೇರು ಮರವನ್ನು ಹಿಡಿಯುವ ವೇಳೆಗೆ ತಾವಾಗಿ ಕೊಳೆತು ಬೀಳುತ್ತವೆ. ಪ್ಲಾಸ್ಟಿಕ್ ಹಗ್ಗವಾದರೋ ಬೆಳೆಯುತ್ತಿರುವ ಕಾಂಡವನ್ನು ಕೊರೆದು, ಕೊನೆಗೆ ತೋಟದ ಮಣ್ಣಿನಲ್ಲಿ ಕಸವಾಗಿ ಉಳಿಯುತ್ತದೆ.

ಬಳ್ಳಿಗೂ ಗುಡ್ಡಕ್ಕೂ ಏನು ಸಂಬಂಧವೆಂದು ಕೇಳುವವರಿರಬಹುದು. ಸಂಬಂಧ ನೇರವಾಗಿಯೇ ಇದೆ. ಇರುವ ತೋಟದ ಆದಾಯ ಸಾಲದೆಂದು ತೋರಿದಾಗ ಇಂದು ಮೊದಲು ನೆನಪಾಗುವುದು ಹಿಟಾಚಿ ಯಂತ್ರ. ತಲೆತಲಾಂತರದಿಂದ ಸೊಪ್ಪು, ಸೌದೆ, ತರಗೆಲೆ ಕೊಡುತ್ತಾ ಬಂದ ಕುಮ್ಕಿಯ ಗುಡ್ಡವನ್ನು ವಾರದೊಳಗೆ ಮೆಟ್ಟಿಲುಗಳಾಗಿ ಕಡಿದು ಹೊಸ ಅಡಿಕೆ ಸಸಿ ನೆಡಲಾಗುತ್ತದೆ. ಸೊಪ್ಪು ಕೊಡುತ್ತಿದ್ದ ನೆಲವೇ ಸೊಪ್ಪು ಬೇಡುವ ನೆಲವಾಗುತ್ತದೆ. ಹೊಸ ತೋಟಕ್ಕೆ ನೀರು ಬೇಕೆಂದು ಕೊಳವೆಬಾವಿ ಇಳಿಯುತ್ತದೆ. 2019ರ ಆಗಸ್ಟ್ ತಿಂಗಳಲ್ಲಿ ಚಾರ್ಮಾಡಿ ಘಾಟಿಯಲ್ಲಿ ಗುಡ್ಡಗಳು ಕುಸಿದು ಹೆದ್ದಾರಿ ಮುಚ್ಚಿದ್ದನ್ನೂ, ಬೆಳ್ತಂಗಡಿ ತಾಲೂಕಿನ ತಪ್ಪಲಿನ ಹಳ್ಳಿಗಳಲ್ಲಿ ಮನೆ, ತೋಟ, ಸೇತುವೆಗಳು ನೆರೆಗೆ ಸಿಕ್ಕಿದ್ದನ್ನೂ ಇಲ್ಲಿನ ಜನ ಮರೆತಿಲ್ಲ. ಆ ದುರಂತಕ್ಕೆ ಒಂದೇ ಕಾರಣವನ್ನು ಹೊರಿಸುವುದು ನ್ಯಾಯವಲ್ಲ. ಜನವಸತಿಯಿಲ್ಲದ ಕಾಡಿನ ಇಳಿಜಾರೂ ಅತಿಮಳೆಗೆ ಜಾರುವುದುಂಟು. ಆದರೆ ಇಳಿಜಾರಿನ ಬುಡ ಕಡಿದು, ಬೇರಿನ ಹಿಡಿತ ಕಿತ್ತು, ನೀರಿನ ಸಹಜ ದಾರಿ ಮುಚ್ಚಿದಲ್ಲಿ ಅಪಾಯ ಹೆಚ್ಚುತ್ತದೆಂಬುದಕ್ಕೆ ತಜ್ಞರ ಸಾಕ್ಷಿಯೂ ಬೇಕಿಲ್ಲ.

ಲೆಕ್ಕವನ್ನಾದರೂ ಒಮ್ಮೆ ನೋಡಬೇಕು. ಶಿಫಾರಸು ಮಾಡಲಾದ 2.7 ಮೀಟರ್ ಅಂತರದಲ್ಲಿ ನೆಟ್ಟ ಒಂದು ಎಕರೆ ತೋಟದಲ್ಲಿ ಸುಮಾರು 550 ಅಡಿಕೆ ಮರಗಳಿರುತ್ತವೆ. ಪ್ರತಿಯೊಂದು ಮರವೂ ಈಗಾಗಲೇ ನಿಂತಿರುವ ಒಂದು ಆಧಾರಕಂಬ. ಅವುಗಳಲ್ಲಿ ಎಷ್ಟಕ್ಕೆ ಬಳ್ಳಿಯಿದೆ, ಇರುವ ಬಳ್ಳಿಗಳಲ್ಲಿ ಎಷ್ಟರ ಬುಡ ಹಸಿರಾಗಿದೆ ಎಂದು ಎಣಿಸಿದರೆ ಹೊಸ ತೋಟದ ಒಂದು ಪಾಲು ಹಳೆಯ ತೋಟದೊಳಗೇ ಅಡಗಿರುವುದು ತಿಳಿಯುತ್ತದೆ. ಸುಳ್ಯದ ಕಡೆ ಹಳದಿ ಎಲೆ ರೋಗದಿಂದ, ಮಲೆನಾಡಿನ ಹಲವೆಡೆ ಎಲೆಚುಕ್ಕಿ ರೋಗದಿಂದ ಅಡಿಕೆಯನ್ನೇ ನಂಬಿದ ಕುಟುಂಬಗಳು ಕಂಗೆಟ್ಟಿರುವಾಗ, ಇನ್ನಷ್ಟು ಗುಡ್ಡ ಕಡಿದು ಇನ್ನಷ್ಟು ಅಡಿಕೆ ನೆಡುವುದು ವಿವೇಕವೆನಿಸದು.

ಈ ಮಾತಿಗೆ ಎದುರಾಗುವ ಆಕ್ಷೇಪ ಒಂದೇ: ಕೆಲಸಕ್ಕೆ ಜನವೆಲ್ಲಿ? ಇದು ಹುಸಿಯಾದ ಆಕ್ಷೇಪವಲ್ಲ. ಬಾಗಿಸುವ ಕೆಲಸ ಅವಸರದಲ್ಲಿ ಆಗುವಂಥದ್ದಲ್ಲ. ಎಳೆಯ ಕಾಂಡವನ್ನು ಒಂದೇ ಸಲಕ್ಕೆ ಎಳೆದರೆ ಅದು ಮುರಿಯುತ್ತದೆ. ಆದರೆ ಈ ಕೆಲಸಕ್ಕೆ ಬಲ ಬೇಕಿಲ್ಲ, ಎತ್ತರ ಏರಬೇಕಿಲ್ಲ. ಅಡಿಕೆ ಮರ ಏರಲಾರದ ಹಿರಿಯರೂ, ರಜೆಯಲ್ಲಿ ಮನೆಗೆ ಬಂದ ವಿದ್ಯಾರ್ಥಿಗಳೂ ದಿನಕ್ಕೆ ಹತ್ತು ಬಳ್ಳಿಯಂತೆ ಮಾಡಬಹುದು. ಹೊಸ ಗುಡ್ಡಕ್ಕೆ ಸುರಿಯುವ ಯಂತ್ರದ ಬಾಡಿಗೆಯಲ್ಲಿ ಒಂದು ಭಾಗ ಊರಿನ ಕೈಗಳಿಗೆ ಕೂಲಿಯಾಗಿ ಸಂದರೆ ಹಣ ಊರಲ್ಲೇ ಉಳಿಯುತ್ತದೆ.

ಈ ವಿದ್ಯೆಗೂ ಮಿತಿಯಿದೆ ಎಂಬುದನ್ನು ಮುಚ್ಚಿಡಬಾರದು. ಅಡಿಕೆ, ತೆಂಗುಗಳಿಗೆ ಇರುವುದು ಒಂದೇ ಮೊಗ್ಗು; ಅದಕ್ಕೆ ಪೆಟ್ಟಾದರೆ ಮರವೇ ಹೋಗುತ್ತದೆ, ಬಾಗಿಸುವ ಮಾತು ಅಲ್ಲಿ ಸಲ್ಲದು. ಅಡಿಕೆಯ ನಡುವಣ ಕೊಕ್ಕೊ ಗಿಡಕ್ಕೆ ಕತ್ತಿಯ ಸವರುವಿಕೆ ಬೇಕೇ ಬೇಕು. ಆದರೆ ಪೇರಳೆಯ ರೆಂಬೆಗಳನ್ನು ಬಾಗಿಸಿ ಕಟ್ಟಿದರೆ ಹೊಸ ಚಿಗುರು ಮತ್ತು ಹೂ ಹೆಚ್ಚುವುದನ್ನು ಸಂಶೋಧನಾ ತೋಟಗಳಲ್ಲಿಯೂ ಕಂಡುಕೊಳ್ಳಲಾಗಿದೆ. ಮಾವಿನ ಮರದ ಬೆಳವಣಿಗೆ ತಡೆದು ಹೂ ಬರಿಸಲು ಬುಡಕ್ಕೆ ಸುರಿಯುವ ಪ್ಯಾಕ್ಲೊಬ್ಯುಟ್ರಝಾಲ್ ರಾಸಾಯನಿಕ ಮಣ್ಣಿನಲ್ಲಿ ಬಹುಕಾಲ ಉಳಿಯುವಂಥದ್ದು. ಮನೆಯಂಗಳದ ನಾಲ್ಕು ಹಣ್ಣಿನ ಗಿಡಗಳಿಗೆ ಅಂಥ ವಿಷಯದಲ್ಲಿ ಕೈಹಾಕುವ ಬದಲು, ಎಳೆಯ ವಯಸ್ಸಿನಲ್ಲೇ ರೆಂಬೆಗಳನ್ನು ಅಗಲಕ್ಕೆ ಒಗ್ಗಿಸುವುದು ಸುರಕ್ಷಿತ.

ಇನ್ನೊಂದು ಸಂಗತಿಯನ್ನು ವಿದ್ಯಾರ್ಥಿಗಳ ಹಿತದೃಷ್ಟಿಯಿಂದ ಹೇಳಬೇಕಾಗಿದೆ. ಗಿಡಕ್ಕೆ ಆಯಾಸವಾಗದಂತೆ ಬಾಗಿಸಿ ಕಟ್ಟುವ ಇದೇ ಕ್ರಮ ‘ಲೋ ಸ್ಟ್ರೆಸ್ ಟ್ರೈನಿಂಗ್’ ಎಂಬ ಹೆಸರಿನಲ್ಲಿ ಇಂದು ಲೋಕದಲ್ಲಿ ಪ್ರಸಿದ್ಧವಾಗಿರುವುದು, ಗಾಂಜಾ ಬೆಳೆಯಲು ಕಾನೂನು ಒಪ್ಪಿದ ದೇಶಗಳ ಮನೆಬೆಳೆಗಾರರಿಂದ. ಮೊಬೈಲಿನಲ್ಲಿ ಅದನ್ನು ಕಂಡ ತರುಣನಿಗೆ ಅದು ಪರದೇಶದ ಹೊಸ ಚಮತ್ಕಾರವೆಂದು ತೋರಿದರೆ ಆಶ್ಚರ್ಯವಿಲ್ಲ. ಭಾರತದಲ್ಲಿ 1985ರ ಮಾದಕ ವಸ್ತುಗಳ ಕಾಯ್ದೆ ಗಾಂಜಾ ಗಿಡ ಬೆಳೆಸುವುದನ್ನು ನಿಷೇಧಿಸಿದೆ; ಅಪರಾಧಕ್ಕೆ 10 ವರ್ಷಗಳವರೆಗೆ ಕಠಿಣ ಸಜೆ ಮತ್ತು 1 ಲಕ್ಷ ರೂಪಾಯಿಯವರೆಗೆ ದಂಡವಿದೆ. ಕುತೂಹಲಕ್ಕೆ ನೆಟ್ಟ ಒಂದು ಕುಂಡದ ಗಿಡ ಒಂದು ಮನೆಯ ನೆಮ್ಮದಿಯನ್ನು ಕದಡಬಲ್ಲುದು. ಆ ಕುತೂಹಲ ತಪ್ಪಲ್ಲ, ಗಿಡ ತಪ್ಪು. ಅದೇ ಕುಂಡದಲ್ಲಿ ತೆನೆ ಬಿಡುವ ಅಡ್ಡ ರೆಂಬೆಯಿಂದ ಮಾಡಿದ ಪೊದೆಮೆಣಸನ್ನು ನೆಡಬಹುದು. ಅದು ಮರ ಏರುವುದಿಲ್ಲ, ಕಂಬ ಬೇಡುವುದಿಲ್ಲ, ಮನೆಯ ಸಾರಿಗೆ ಬೇಕಾದ ಹಸಿಮೆಣಸನ್ನು ಕೈಗೆಟುಕುವಲ್ಲೇ ಕೊಡುತ್ತದೆ.

ಮಾಡಬೇಕಾದದ್ದು ದೊಡ್ಡ ಯೋಜನೆಯೇನಲ್ಲ. ಶಾಲೆಯ ಪರಿಸರ ಸಂಘದ ಮಕ್ಕಳು ಒಂದೇ ವಯಸ್ಸಿನ ಎರಡು ಬಳ್ಳಿಗಳನ್ನು ಆರಿಸಿ, ಒಂದನ್ನು ಬಾಗಿಸಿ ಕಟ್ಟಿ, ಇನ್ನೊಂದನ್ನು ಹಾಗೆಯೇ ಬಿಟ್ಟು, ತಿಂಗಳಿಗೊಮ್ಮೆ ಹೊಸ ಕುಡಿಗಳನ್ನು ಎಣಿಸಿ ಬರೆದಿಡಬಹುದು. ಡಾರ್ವಿನ್ ಮಾಡಿದ್ದೂ ಇಂಥ ಎಣಿಕೆಯ, ಕಾಯುವಿಕೆಯ ಕೆಲಸವನ್ನೇ. ಊರಿನ ಸ್ವಸಹಾಯ ಸಂಘಗಳ ಸಭೆಯಲ್ಲಿ, ಬಳ್ಳಿ ಕಟ್ಟಲು ಬಲ್ಲ ಹಿರಿಯರನ್ನು ಒಂದು ದಿನ ತೋಟಕ್ಕೆ ಕರೆದು ಅವರ ಕೈಕೆಲಸವನ್ನು ನೋಡುವ ಏರ್ಪಾಡಾಗಬಹುದು. ಅವರ ಕೈಯಲ್ಲಿರುವುದು ಅವರೊಂದಿಗೇ ಹೋಗಬಾರದು.

ಗುಡ್ಡ ಒಮ್ಮೆ ಕಡಿದ ಮೇಲೆ ಪುನಃ ಗುಡ್ಡವಾಗುವುದಿಲ್ಲ. ತಪ್ಪಾಗಿ ಕಟ್ಟಿದ ಬಳ್ಳಿಯನ್ನಾದರೋ ನಾಳೆ ಬಿಚ್ಚಿ ಮತ್ತೆ ಕಟ್ಟಬಹುದು. ತಿದ್ದಿಕೊಳ್ಳಲು ಅವಕಾಶವಿರುವ ದಾರಿಯನ್ನು ಮೊದಲು ತುಳಿಯುವುದೇ ತಪ್ಪಲಿನಲ್ಲಿ ಬಾಳುವವರಿಗೆ ಶ್ರೇಯಸ್ಕರ.